ಫೀಡರ್ ಮೀಟರಿನ ಗುಣಕ ಸರಿಪಡಿಸಿದ ಬಗೆ: ನನ್ನ ಅನುಭವ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ವಿದ್ಯುತ್ ನಿರ್ವಹಣೆ ನನ್ನ ಹೊಣೆ. ಮುಖ್ಯ ಮೀಟರಿನ ಯೂನಿಟ್ಟಿಗೂ ಒಳಗಿನ ಫೀಡರ್ (ಒಂದೊಂದು ಯಂತ್ರಕ್ಕೆ ಅಥವಾ ವಿಭಾಗಕ್ಕೆ ವಿದ್ಯುತ್ ಒಯ್ಯುವ ಲೈನು) ಮೀಟರುಗಳ ಮೊತ್ತಕ್ಕೂ ತಾಳೆಯಾಗದಿದ್ದಾಗ ನನಗೆ ಮೊದಲು ಸಂಶಯ ಬಂದದ್ದು ಕಂಪ್ರೆಸರ್ ಫೀಡರಿನ ಮೇಲೆ. ಅಲ್ಲಿರುವುದು 50 ಎಚ್‌ಪಿ, ಅಂದರೆ ಸುಮಾರು 37 ಕಿಲೋವ್ಯಾಟಿನ ಮೋಟರು. ಪೂರ್ಣ ಹೊರೆಯಲ್ಲಿ ಅದು 40 ಕಿಲೋವ್ಯಾಟಿನ ಆಸುಪಾಸು ಎಳೆಯಬೇಕು. ಮೀಟರು 80 ತೋರಿಸುತ್ತಿತ್ತು.

ಇಂಥ ಕಡೆ ಗುಣಕವನ್ನು, ಅಂದರೆ ಮೀಟರು ತಾನು ಅಳೆದದ್ದನ್ನು ನಿಜವಾದ ಅಂಕಿಗೆ ತರಲು ಗುಣಿಸುವ ಸಂಖ್ಯೆಯನ್ನು, ಅರ್ಧಕ್ಕಿಳಿಸಿ ಕೈತೊಳೆದುಕೊಳ್ಳುವವರೂ ಇದ್ದಾರೆ, ಆದರೆ ಆ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್) ಎಂದರೆ ಕೇಬಲ್ಲಿನ ದೊಡ್ಡ ಕರೆಂಟನ್ನು ಮೀಟರಿಗೆ ತಕ್ಕಷ್ಟು ಇಳಿಸಿಕೊಡುವ ಉಂಗುರ. ಗುಣಕವು ಅದರ ಅನುಪಾತದಿಂದ ಬರಬೇಕೇ ಹೊರತು ನಮಗೆ ಬೇಕಾದ ಉತ್ತರದಿಂದ ಅಲ್ಲ. ಉದಾಹರಣೆಗೆ, ಒಂದು ಫೇಸಿನ ಸಿ.ಟಿ. ತಿರುಗುಮುರುಗಾಗಿ ಕೂತಿದ್ದರೆ ಮೂರೂ ಫೇಸಿನ ಹೊರೆ ಸಮವಾಗಿರುವಾಗ ಒಟ್ಟು ಕಿಲೋವ್ಯಾಟ್ ಮೂರನೇ ಒಂದು ಭಾಗವಷ್ಟೇ ಕಾಣುತ್ತದೆ. ಅದನ್ನು ಮೂರರಿಂದ ಗುಣಿಸಿದರೆ ಆ ಹೊತ್ತಿಗೆ ಲೆಕ್ಕ ಸರಿಹೋದರೂ ಫೇಸುಗಳ ಹೊರೆ ಏರುಪೇರಾದ ಕೂಡಲೇ ಮತ್ತೆ ತಪ್ಪುತ್ತದೆ. ಆದ್ದರಿಂದ ಮೊದಲು ಪ್ರತಿ ಫೇಸಿನ ಕಿಲೋವ್ಯಾಟನ್ನು ಬೇರೆಬೇರೆಯಾಗಿ ನೋಡಿದೆ. ಮೂರರಲ್ಲೂ ಋಣಚಿಹ್ನೆ ಇರಲಿಲ್ಲ, ಅಂಕಿಗಳು ಬಹುತೇಕ ಸಮನಾಗಿದ್ದವು, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) 0.9 ಇತ್ತು. ಹಾಗಾಗಿ ವೈರಿಂಗ್ ಮೇಲಿನ ಸಂಶಯ ಕಳೆಯಿತು.

ಸಿ.ಟಿ.ಯ ಮೇಲೆ 200/5 ಎಂದಿತ್ತು, ಅಂದರೆ ಕೇಬಲ್ಲಿನಲ್ಲಿ (ಪ್ರೈಮರಿ) 200 ಆಂಪಿಯರ್ ಹರಿದರೆ ಮೀಟರಿಗೆ ಹೋಗುವ ತಂತಿಯಲ್ಲಿ (ಸೆಕೆಂಡರಿ) 5 ಹರಿಯುತ್ತದೆ; ಮೀಟರಿನ ಸೆಟ್ಟಿಂಗಿನಲ್ಲಿಯೂ ಅಷ್ಟೇ ಇತ್ತು. ತಂತಿ ಬಿಚ್ಚದೆ ಅದರ ಸುತ್ತ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರನ್ನು ಮೋಟರಿನ ಕೇಬಲ್ಲಿಗೆ ಹಾಕಿದಾಗ 62 ಆಂಪಿಯರ್ ಬಂತು, ಸಿ.ಟಿ.ಯ ಸೆಕೆಂಡರಿ ತಂತಿಗೆ ಹಾಕಿದಾಗ 3.1 ಬಂತು. (ಈ ತಂತಿಯನ್ನು ಹೊರೆಯಿರುವಾಗ ಎಂದಿಗೂ ಬಿಚ್ಚಬಾರದು, ತುದಿಗಳ ನಡುವೆ ಪ್ರಾಣಾಪಾಯದ ವೋಲ್ಟೇಜ್ ಏಳುತ್ತದೆ.) 62ನ್ನು 3.1ರಿಂದ ಭಾಗಿಸಿದರೆ 20, ಆದರೆ 200/5ರ ಅನುಪಾತ 40. ಟಾರ್ಚ್ ಹಿಡಿದು ಪ್ಯಾನಲ್ಲಿನ ಹಿಂಬದಿಯನ್ನು ನೋಡಿದಾಗ ಕಾರಣ ತಿಳಿಯಿತು: ಹಿಂದೆ ಯಾರೋ ಪ್ರತಿ ಫೇಸಿನ ಕೇಬಲ್ಲನ್ನು ಸಿ.ಟಿ.ಯ ಉಂಗುರದೊಳಗಿಂದ ಎರಡು ಸುತ್ತು ಹಾಯಿಸಿದ್ದರು. ಸಣ್ಣ ಹೊರೆಗೆ ದೊಡ್ಡ ಸಿ.ಟಿ.ಯನ್ನು ಹೊಂದಿಸಿಕೊಳ್ಳಲು ಹೀಗೆ ಮಾಡುವುದುಂಟು, ಮತ್ತು ಅದು ಒಳ್ಳೆಯ ಉಪಾಯವೇ. ಆದರೆ ಎರಡು ಸುತ್ತಿನಿಂದ 200/5ರ ಸಿ.ಟಿ. 100/5 ಆಗಿಬಿಡುತ್ತದೆಂಬ ವಿಷಯ ಮೀಟರಿಗೆ ತಾನಾಗಿ ಗೊತ್ತಾಗುವುದಿಲ್ಲ.

ಅಂದಿನ ಯೂನಿಟ್ ರೀಡಿಂಗನ್ನು ಪುಸ್ತಕದಲ್ಲಿ ಬರೆದಿಟ್ಟು, ಸಿ.ಟಿ. ಪ್ರೈಮರಿಯನ್ನು 100ಕ್ಕೆ ಬದಲಾಯಿಸಿದೆ. 415 ವೋಲ್ಟಿನ ನೇರ ಜೋಡಣೆಯಾದ್ದರಿಂದ ಪಿ.ಟಿ. (ವೋಲ್ಟೇಜನ್ನು ಮೀಟರಿಗೆ ತಕ್ಕಷ್ಟು ಇಳಿಸುವ ಟ್ರಾನ್ಸ್‌ಫಾರ್ಮರ್) ಅನುಪಾತವನ್ನು ಮುಟ್ಟಬೇಕಾಗಿರಲಿಲ್ಲ. 1.732 × 415 × 62 × 0.9 ಎಂದು ಲೆಕ್ಕ ಹಾಕಿದರೆ 40.1 ಕಿಲೋವ್ಯಾಟ್, ಮೀಟರಿನ ಪರದೆಯೂ ಅದರ ಹತ್ತಿರಕ್ಕೆ ಬಂತು. ಆದರೂ ಆಂಪಿಯರ್ ಸರಿಯಾದ ಮಾತ್ರಕ್ಕೆ ಯೂನಿಟ್ ಸರಿ ಎನ್ನಲಾಗದು. ಈ ಮೀಟರಿನ ಕೆಂಪು ದೀಪ ಸೆಕೆಂಡರಿ ಬದಿಯ ಲೆಕ್ಕದಲ್ಲಿ ಯೂನಿಟ್ಟಿಗೆ 1600 ಬಾರಿ ಮಿಟುಕುತ್ತದೆ. ಸ್ಟಾಪ್‌ವಾಚ್ ಹಿಡಿದಾಗ 20 ಮಿಟುಕಿಗೆ ಸುಮಾರು 22.5 ಸೆಕೆಂಡು ಹಿಡಿಯಿತು, ಅಂದರೆ ಸೆಕೆಂಡರಿಯಲ್ಲಿ 2 ಕಿಲೋವ್ಯಾಟ್. ಅದನ್ನು 20ರಿಂದ ಗುಣಿಸಿದರೆ 40.

ಇನ್ನುಳಿದದ್ದು ಮೀಟರಿನ ಅಂಕಿಗಳನ್ನು ಮಾಡ್‌ಬಸ್ ಎಂಬ ಸಂವಹನ ವಿಧಾನದ ಮೂಲಕ ಓದಿ ದಾಖಲಿಸುವ ಲಾಗರ್. ಮೀಟರು ರಿಜಿಸ್ಟರಿನಲ್ಲಿ 401 ಎಂಬ ಪೂರ್ಣಾಂಕ ಕೊಡುತ್ತದೆ; ಲಾಗರಿನ ಗುಣಕ 0.1 ಇದ್ದರೆ 40.1 ಸಿಗುತ್ತದೆ. ಸಿ.ಟಿ.ಯ ಗುಣಾಕಾರ ಮೀಟರಿನೊಳಗೇ ಆಗಿರುವುದರಿಂದ ಲಾಗರಿನಲ್ಲಿ ಮತ್ತೆ 20 ಹಾಕಕೂಡದು. ಎಲ್ಲ ಫೀಡರುಗಳಿಗೂ ಈ ಗುಣಾಕಾರವನ್ನು ಮೀಟರಿನಲ್ಲಷ್ಟೇ ಇಟ್ಟು, ಸುತ್ತುಗಳ ಸಂಖ್ಯೆಯನ್ನೂ ಸೇರಿಸಿ ಪ್ಯಾನಲ್ ಬಾಗಿಲಿನ ಒಳಗೆ ಚೀಟಿ ಅಂಟಿಸಿದ್ದೇನೆ.

ರಾತ್ರಿಪಾಳಿಯಲ್ಲಿ ಹೊರೆ ತೀರಾ ಇಳಿದಾಗ ಟಾಂಗ್ ಟೆಸ್ಟರಿಗೂ ಮೀಟರಿಗೂ ಈಗಲೂ ತುಸು ವ್ಯತ್ಯಾಸ ಕಾಣುತ್ತದೆ. ಕ್ಲಾಸ್ 1ರ ಸಿ.ಟಿ.ಗೆ ಪೂರ್ಣ ಕರೆಂಟಿನಲ್ಲಿ ಶೇ. 1ರಷ್ಟು ದೋಷ ಮಾತ್ರ ಸಲ್ಲುತ್ತದೆ, ಶೇ. 5ರ ಕರೆಂಟಿನಲ್ಲಾದರೆ ಶೇ. 3ರವರೆಗೆ ಸಲ್ಲುತ್ತದೆ. ಹೊರೆಯೊಂದಿಗೆ ಬದಲಾಗುವ ಈ ವ್ಯತ್ಯಾಸವನ್ನು ಗುಣಕದಿಂದ ತಿದ್ದಲು ನಾನು ಹೋಗಲಿಲ್ಲ.