ಮಾತ್ರೆಗೆ ಬಗ್ಗದ ಶುಗರ್

ಮುಂಬಯಿಯ ಮಾಟುಂಗದ ಹೋಟೆಲೊಂದರಲ್ಲಿ ದೋಸೆ ಹೊಯ್ಯುವ, ಕುಂದಾಪುರ ಕಡೆಯ ಮೂವತ್ತೆಂಟರ ಒಬ್ಬರನ್ನು ಡೊಂಬಿವಲಿಯ ನನ್ನ ದವಾಖಾನೆಯಲ್ಲಿ ಎಂಟು ತಿಂಗಳು ಟೈಪ್ 2 ಮಧುಮೇಹಿ ಎಂದೇ ನೋಡಿದೆ. ಮೆಟ್‌ಫಾರ್ಮಿನ್ ಕೊಟ್ಟೆ, ಗ್ಲಿಮೆಪಿರೈಡ್ ಸೇರಿಸಿದೆ, ಪ್ರಮಾಣ ಏರಿಸಿದೆ. ಪಥ್ಯ ಮಾಡುತ್ತಿಲ್ಲವೆಂದು ಗದರಿದ್ದೂ ಉಂಟು. “ಅನ್ನ ಬಿಟ್ಟೆ, ಚಹಾಕ್ಕೆ ಸಕ್ಕರೆ ಬಿಟ್ಟೆ. ಇನ್ನು ಬಿಡುವುದಕ್ಕೆ ಕೆಲಸ ಒಂದೇ ಉಳಿದಿದೆ, ಡಾಕ್ಟರೇ” ಎಂದರು. ಆಗ ಚೀಟಿ ಬಿಟ್ಟು ಮನುಷ್ಯನನ್ನು ನೋಡಿದೆ. ಒಂಬತ್ತು ಕಿಲೋ ಇಳಿದಿದ್ದರು. ಬೆಲ್ಟಿಗೆ ಹೊಸ ತೂತು ಬಿದ್ದಿತ್ತು.

ಅಲ್ಲಿಯವರೆಗೆ ನಾನು ನೆಚ್ಚಿದ್ದು ಎಚ್‌ಬಿಎ1ಸಿಯನ್ನು. ಮೂರು ತಿಂಗಳ ಸರಾಸರಿ ಶುಗರ್ ಎಷ್ಟೆಂದು ಅದು ಹೇಳುತ್ತದೆ, ಯಾವ ಬಗೆಯ ಮಧುಮೇಹ ಎಂದು ಹೇಳುವುದಿಲ್ಲ. ಮೊದಲು ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸಿದಾಗ ಬರುವಂಥದ್ದು) ನೋಡಿದೆ, ಸದ್ಯ, ಇರಲಿಲ್ಲ. ನಂತರ ದೇಹ ತನ್ನ ಮೇಲೆಯೇ ತಿರುಗಿಬಿದ್ದಿದೆಯೇ ಎಂದು ಸುಳಿವು ಕೊಡುವ ಜಿಎಡಿ ಪ್ರತಿಕಾಯ ಮತ್ತು ಸಿ-ಪೆಪ್ಟೈಡ್ ಬರೆದೆ.

ಸಿ-ಪೆಪ್ಟೈಡ್ ಎಂದರೇನು ಎಂದು ಅವರು ಕೇಳಿದಾಗ ತೆಂಗಿನಕಾಯಿಯ ಲೆಕ್ಕ ಹೇಳಿದೆ. ಅಂಗಳದಲ್ಲಿ ಬಿದ್ದ ಸಿಪ್ಪೆ ನೋಡಿದರೆ ಮನೆಯಲ್ಲಿ ಎಷ್ಟು ಕಾಯಿ ಸುಲಿದರೆಂದು ತಿಳಿಯುತ್ತದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸಿದಾಗ ಅಷ್ಟೇ ಸಂಖ್ಯೆಯ ಸಿ-ಪೆಪ್ಟೈಡ್ ಅಣುಗಳೂ ಹೊರಬೀಳುತ್ತವೆ. ಚುಚ್ಚುಮದ್ದಿನ ಇನ್ಸುಲಿನ್ ಪೇಟೆಯಿಂದ ತಂದ ಸುಲಿದ ಕಾಯಿ. ಅದರ ಸಿಪ್ಪೆ ನಮ್ಮ ಅಂಗಳದಲ್ಲಿ ಸಿಗದು. “ಹಾಗಾದರೆ ನನ್ನ ಮರದಲ್ಲಿ ಕಾಯಿ ಇದೆಯೋ ಇಲ್ಲವೋ ನೋಡುವುದು” ಎಂದರು. ನನಗಿಂತ ಚೆನ್ನಾಗಿ ಹೇಳಿದರು.

ವರದಿಯಲ್ಲಿ ಸಿ-ಪೆಪ್ಟೈಡ್ ಮಿಲಿಲೀಟರಿಗೆ 0.5 ನ್ಯಾನೋಗ್ರಾಂ. 0.6ಕ್ಕಿಂತ ಕಡಿಮೆ ಎಂದರೆ ಇನ್ಸುಲಿನ್ ತೀರಾ ಕೊರತೆ. ಟೈಪ್ 1 ಎಂದು ಬರೆಯಲು ಪೆನ್ನು ಎತ್ತಿದ್ದೆ. ಜೊತೆಗೇ ತೆಗೆಸಿದ್ದ ಗ್ಲೂಕೋಸ್ 340 ಎಂದು ಕಂಡು ಕೈ ತಡೆದೆ. ಶುಗರ್ ಅಷ್ಟು ಏರಿದಾಗ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ತಾತ್ಕಾಲಿಕವಾಗಿ ಸೋತು ಕುಳಿತಿರುತ್ತವೆ. ಆಗಿನ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಕಡಿಮೆ ಶುಗರ್ ಇದ್ದಾಗಲೂ ಹಾಗೆಯೇ, ಗ್ರಂಥಿ ಸುಮ್ಮನಿರುತ್ತದೆ. ಗ್ಲೂಕೋಸ್ ಜೊತೆಗಿಲ್ಲದ ಸಿ-ಪೆಪ್ಟೈಡ್ ವರದಿಯನ್ನು ನಾನು ಈಗ ಓದುವುದೇ ಇಲ್ಲ. ಮೂತ್ರಪಿಂಡ ಕೆಟ್ಟವರಲ್ಲಂತೂ ಅದು ಸುಳ್ಳೇ ಹೆಚ್ಚು ತೋರಿಸುತ್ತದೆ.

ಇನ್ಸುಲಿನ್ ಆರಂಭಿಸಿದೆ. ನಾಲ್ಕು ದಿನಕ್ಕೆ ಜಿಎಡಿ ವರದಿ ಬಂತು: ಬಲವಾಗಿ ಪಾಸಿಟಿವ್. ಎರಡು ತಿಂಗಳ ನಂತರ ಶುಗರ್ ಹತೋಟಿಗೆ ಬಂದಾಗ ಸಿ-ಪೆಪ್ಟೈಡ್ 1.1: ಮರದಲ್ಲಿ ಇನ್ನೂ ಸ್ವಲ್ಪ ಕಾಯಿ ಇದೆ. ದೇಹವೇ ತನ್ನ ಬೀಟಾ ಕೋಶಗಳ ಮೇಲೆ ತಿರುಗಿಬಿದ್ದಿದೆ, ಆದರೆ ನಿಧಾನವಾಗಿ: ವಯಸ್ಕರಲ್ಲಿ ಬರುವ ಈ ಬಗೆಗೆ ಲಾಡಾ ಎನ್ನುತ್ತಾರೆ. ಆ ಕೋಶಗಳನ್ನೇ ಹಿಂಡಿ ಇನ್ಸುಲಿನ್ ತೆಗೆಯುವ ಗ್ಲಿಮೆಪಿರೈಡ್ ನಿಲ್ಲಿಸಿದೆ.

ಜಿಎಡಿ ನೆಗೆಟಿವ್ ಬಂದಿದ್ದರೂ ಟೈಪ್ 1 ಅಲ್ಲವೆನ್ನಲಾಗದು; ಆಗ ಐಎ-2, ಝಿಂಕ್ ಟ್ರಾನ್ಸ್‌ಪೋರ್ಟರ್ 8 ಪ್ರತಿಕಾಯಗಳನ್ನೂ ನೋಡುತ್ತಿದ್ದೆ. ಅಜ್ಜ, ತಂದೆ, ಮಗಳು ಮೂವರಿಗೂ ಎಳೆ ವಯಸ್ಸಿನಲ್ಲೇ ಬಂದಿದ್ದರೆ ಮೋಡಿ (MODY) ಎಂಬ, ವಂಶದಲ್ಲಿ ಇಳಿದು ಬರುವ ಮಧುಮೇಹದ ಸಂಶಯ. ಅದಕ್ಕೆ ವಂಶವಾಹಿ ಪರೀಕ್ಷೆಯೇ ಬೇಕು.

ಅವರು ಮತ್ತೆ ಕಾವಲಿಯ ಮುಂದೆ ನಿಂತಿದ್ದಾರೆ. ಆ ಬಿಸಿಯಲ್ಲಿ ಇನ್ಸುಲಿನ್ ಪೆನ್ನು ಕೆಡುತ್ತದೆ ಎಂದಿದ್ದೆ. ಯಜಮಾನರು ದೋಸೆಹಿಟ್ಟಿನ ಫ್ರಿಜ್ಜಿನ ಬಾಗಿಲಲ್ಲಿ ಜಾಗ ಕೊಟ್ಟಿದ್ದಾರಂತೆ.