ರೀಫಿಲ್ ಉಜ್ಜುವ ಮೊದಲು ಬಾಟಲಿ ಒಣಗಿಸಿ

ವಿಜ್ಞಾನದ ಪ್ರಾಜೆಕ್ಟ್ ಹಿಂದಿನ ರಾತ್ರಿ ಊಟದ ಹೊತ್ತಿಗೆ ನೆನಪಾಗುವುದು ಈಗಿನ ಮಕ್ಕಳ ಪದ್ಧತಿ. ಎಣ್ಣೆ ಹಚ್ಚಿದ ತಲೆಗೆ ಬಾಚಣಿಗೆ ನಾಲ್ಕು ಸಲ ಆಡಿಸಿ, ಕಾಗದದ ಚೂರಿನ ಹತ್ತಿರ ಹಿಡಿದು, ಅದು ಅಲ್ಲಾಡದಿದ್ದರೆ ಪುಸ್ತಕದಲ್ಲಿ ಸುಳ್ಳು ಬರೆದಿದ್ದಾರೆ ಅನ್ನುತ್ತಾರೆ. ಪುಸ್ತಕದ್ದೇನೂ ತಪ್ಪಿಲ್ಲ. ಬಾಚಣಿಗೆಗೆ ಕೊಬ್ಬರಿ ಎಣ್ಣೆ ಮೆತ್ತಿದೆ, ಹೊರಗೆ ಮಳೆ ಸುರಿಯುತ್ತಿದೆ, ಅಂಗೈ ಬೆವೆತಿದೆ. ಕಣ್ಣಿಗೆ ಕಾಣದಷ್ಟು ತೆಳ್ಳಗಿನ ನೀರಿನ ಪಸೆ ಇದ್ದರೂ, ಉಜ್ಜಿದಾಗ ಸೇರುವ ವಿದ್ಯುತ್ತು, ಅಂದರೆ ಆವೇಶ, ಅದರ ಮೇಲೆ ಹರಿದು ಕೈಗೆ ಇಳಿದುಹೋಗುತ್ತದೆ. ಅರ್ಧ ಗಂಟೆ ಉಜ್ಜಿದರೂ ಅಷ್ಟೇ.

ಉಜ್ಜಿದರೆ ಕರೆಂಟು ಹುಟ್ಟುತ್ತದೆ ಅನ್ನುವ ಮಾತನ್ನೂ ಬಿಡಿ. ಹೊಸದಾಗಿ ಏನೂ ಹುಟ್ಟುವುದಿಲ್ಲ, ಇದ್ದದ್ದು ಕೈ ಬದಲಾಗುತ್ತದೆ. ಬಾಲ್‌ಪೆನ್ನಿನ ಪ್ಲಾಸ್ಟಿಕ್ ರೀಫಿಲ್ಲನ್ನು ಕಂಬಳಿ ತುಂಡಿನಿಂದ ಉಜ್ಜಿದಾಗ ಉಣ್ಣೆಯ ಎಲೆಕ್ಟ್ರಾನುಗಳು ರೀಫಿಲ್ಲಿಗೆ ಹೋಗುತ್ತವೆ. ರೀಫಿಲ್ ಋಣ ಆವೇಶ ಪಡೆದಷ್ಟೇ ಕಂಬಳಿ ಧನ ಆವೇಶ ಪಡೆಯುತ್ತದೆ, ಲೆಕ್ಕದಲ್ಲಿ ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲ. ಆವೇಶವನ್ನು ಅಳೆಯುವುದು ಕೂಲಂ ಲೆಕ್ಕದಲ್ಲಿ; ಅದರ ನೂರು ಕೋಟಿಯಲ್ಲೊಂದು ಪಾಲಾದ ಒಂದು ನ್ಯಾನೋಕೂಲಂ ಅಂದರೆ ಏನೂ ಅಲ್ಲದಷ್ಟು ಆವೇಶ, ಅದಕ್ಕೇ ಸುಮಾರು 624 ಕೋಟಿ ಎಲೆಕ್ಟ್ರಾನು ಬೇಕು. ಧನ, ಋಣ ಅನ್ನುವ ಹೆಸರು 18ನೇ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇಟ್ಟದ್ದು. ರೇಷ್ಮೆಯಿಂದ ಉಜ್ಜಿದ ಗಾಜಿನದು ಧನ ಅಂತಾಯಿತು. ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ. ಅಷ್ಟು ಹೊತ್ತಿಗೆ ಹೆಸರು ಬಳಕೆಯಲ್ಲಿ ಊರಿಬಿಟ್ಟಿತ್ತು, ಹಾಗಾಗಿ ಓಡಾಡುವ ಎಲೆಕ್ಟ್ರಾನಿಗೇ ಮೈನಸ್ ಚಿಹ್ನೆ ಬಂತು.

ಈಗ ವಿದ್ಯುದ್ದರ್ಶಕ, ಅಂದರೆ ಆವೇಶ ಇದೆಯೋ ಇಲ್ಲವೋ ತೋರಿಸುವ ಸಾಧನ. ಎಲ್ಲರೂ ಮಾಡುತ್ತಾರೆ, ಹತ್ತರಲ್ಲಿ ಒಂಬತ್ತು ಕೆಲಸ ಮಾಡುವುದಿಲ್ಲ. ಅಗಲ ಬಾಯಿಯ ಜಾಮ್ ಬಾಟಲಿ ತೊಳೆದು, ಸೋಪಿನ ಜಾರು ಪೂರ್ತಿ ಹೋಗುವ ತನಕ ಬಿಸಿನೀರಿನಲ್ಲಿ ಜಾಲಿಸಿ. ಬೋರಲು ಹಾಕಿ ನೀರು ಬಸಿದ ಮೇಲೆ, ಹಪ್ಪಳ ಒಣಗುವಂಥ ಬಿಸಿಲಿನಲ್ಲಿ ಕೈಗೆ ಬೆಚ್ಚಗೆ ಹತ್ತುವವರೆಗೆ ಇಡಿ. ಒಳಗೆ ಬಟ್ಟೆ ಹಾಕಿ ಒರೆಸಬೇಡಿ, ನೂಲು ಉಳಿಯುತ್ತದೆ. ತಳಕ್ಕೆ ಒಂದು ಹಿಡಿ ಅಕ್ಕಿಯನ್ನು ಚೆನ್ನಾಗಿ ಹುರಿದು, ಆರಿಸಿ ಹಾಕಿ, ಉಪ್ಪಿನ ಡಬ್ಬಿಗೆ ಹಾಕುವುದಿಲ್ಲವೇ, ಹಾಗೆ. ಬಿಸಿಬಿಸಿಯಾಗಿಯೇ ಸುರಿದರೆ ಗಾಜಿಗೆ ಆವಿ ಕೂರುತ್ತದೆ, ಮಾಡಿದ್ದೆಲ್ಲ ದಂಡ.

ಮುಚ್ಚಳಕ್ಕೆ ರಟ್ಟು ಸಾಕು ಅನ್ನುತ್ತಾರೆ. ಸಾಲದು. ರಟ್ಟು ಗಾಳಿಯ ತೇವ ಹೀರುತ್ತದೆ, ತಂತಿ ಅದಕ್ಕೆ ತಾಗಿದ್ದರೆ ಆವೇಶ ಅಲ್ಲೇ ಸೋರುತ್ತದೆ. ರಟ್ಟಿನ ನಡುವೆ ರೂಪಾಯಿ ನಾಣ್ಯದಷ್ಟು ದೊಡ್ಡ ತೂತು ಮಾಡಿ, ಗೇಣುದ್ದದ ಸುಲಿದ ತಾಮ್ರದ ತಂತಿಯನ್ನು ಅದರ ಮಧ್ಯಕ್ಕೆ ನಿಲ್ಲಿಸಿ, ಸುತ್ತ ಮೇಣದಬತ್ತಿಯ ಮೇಣ ತೊಟ್ಟಿಕ್ಕಿಸಿ ತುಂಬಿ. ಮೇಣ ಒಳ್ಳೆಯ ಅವಾಹಕ, ಆವೇಶವನ್ನು ಹರಿಯಗೊಡುವುದಿಲ್ಲ, ನೀರನ್ನೂ ಹಿಡಿಯುವುದಿಲ್ಲ. ತಂತಿಯ ಮೇಲ್ತುದಿಗೆ ಅಲ್ಯೂಮಿನಿಯಂ ಫಾಯಿಲ್ಲನ್ನು ಸಣ್ಣ ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಸಿಕ್ಕಿಸಿ, ಚಮಚದ ಬೆನ್ನಿನಿಂದ ತೀಡಿ ನುಣ್ಣಗಾಗಿಸಿ. ಚೂಪು ಮೂಲೆ ಇದ್ದಲ್ಲಿ ಆವೇಶ ಗುಂಪುಗೂಡಿ ಗಾಳಿಗೆ ಜಾರಿಕೊಳ್ಳುತ್ತದೆ. ಕೆಳತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ, ತೆಳು ಫಾಯಿಲ್‌ನ ಎರಡು ಪಟ್ಟಿ ನೇತುಹಾಕಿ. ಉದ್ದ 4 ಸೆಂ.ಮೀ., ಅಗಲ ಅರ್ಧ ಸೆಂ.ಮೀ., ಸುಕ್ಕಿಲ್ಲದೆ. ನೇತುಹಾಕಲು ಪಟ್ಟಿಗೆ ಮಾಡುವ ತೂತು ತಂತಿಗಿಂತ ಸಡಿಲ ಇರಲಿ. ಗೋಂದು ಹಚ್ಚಿ ಅಂಟಿಸುವವರಿದ್ದಾರೆ! ಅಂಟಿಸಿದ ಪಟ್ಟಿ ಬಿಚ್ಚಿಕೊಳ್ಳುವುದಾದರೂ ಹೇಗೆ?

ಇನ್ನು ಆವೇಶ ತುಂಬುವುದು. ಇಲ್ಲಿ ಅವಸರ ನಡೆಯುವುದಿಲ್ಲ. ರೀಫಿಲ್ಲನ್ನು ಒಂದೇ ದಿಕ್ಕಿಗೆ ಹತ್ತು ಹದಿನೈದು ಸಲ ಉಜ್ಜಿ, ಉಂಡೆಯಿಂದ ಎರಡು ಬೆರಳು ದೂರ ಹಿಡಿಯಿರಿ. ತಾಗಿಸಬೇಡಿ. ಪಟ್ಟಿಗಳು ಅಗಲುತ್ತವೆ. ರೀಫಿಲ್‌ನ ಋಣ ಆವೇಶ ಉಂಡೆಯ ಎಲೆಕ್ಟ್ರಾನುಗಳನ್ನು ಕೆಳಗೆ ತಳ್ಳಿದೆ, ಎರಡು ಪಟ್ಟಿಯೂ ಋಣವಾಗಿ ಒಂದನ್ನೊಂದು ದೂಡುತ್ತಿವೆ. ರೀಫಿಲ್ ಆಚೆ ತೆಗೆದರೆ ಮತ್ತೆ ಮುಚ್ಚಿಕೊಳ್ಳುತ್ತವೆ, ಅದು ಕೆಟ್ಟಿಲ್ಲ. ಪುನಃ ಹತ್ತಿರ ಹಿಡಿಯಿರಿ. ಹಿಡಿದಂತೆಯೇ ಇನ್ನೊಂದು ಕೈಯ ಬೆರಳಿನಿಂದ ಉಂಡೆಯನ್ನು ಮುಟ್ಟಿ. ಯಾವ ಬದಿ ಮುಟ್ಟಿದರೂ ಒಂದೇ, ಅದೆಲ್ಲ ಲೋಹ. ಪಟ್ಟಿಗಳು ಕುಸಿಯುತ್ತವೆ, ತಳ್ಳಿಸಿಕೊಂಡ ಎಲೆಕ್ಟ್ರಾನುಗಳು ನಿಮ್ಮ ಮೈಮೇಲಿಂದ ದಾರಿ ಕಂಡುಕೊಂಡವು. ಈಗ ಉಸಿರು ಬಿಗಿಹಿಡಿದು ಮೊದಲು ಬೆರಳು ತೆಗೆಯಿರಿ. ಬೆರಳು ಪೂರ್ತಿ ದೂರವಾದ ಮೇಲೆ ರೀಫಿಲ್ ತೆಗೆಯಿರಿ. ಪಟ್ಟಿಗಳು ತಾವಾಗಿ ತೆರೆದು ಹಾಗೇ ನಿಲ್ಲುತ್ತವೆ.

ಮೊದಲು ಬೆರಳು, ಆಮೇಲೆ ರೀಫಿಲ್. ಮಕ್ಕಳು ಮಾಡುವುದು ಉಲ್ಟಾ. ರೀಫಿಲ್ ಮೊದಲು ಸರಿದರೆ ಹೋದ ಎಲೆಕ್ಟ್ರಾನುಗಳು ಅದೇ ಬೆರಳಿನಿಂದ ವಾಪಸು ಬಂದು ಸೇರಿಕೊಳ್ಳುತ್ತವೆ, ಏನೂ ಉಳಿಯುವುದಿಲ್ಲ. ಸರಿಯಾಗಿ ಮಾಡಿದರೆ ಬಾಟಲಿಯ ಪಟ್ಟಿಯಲ್ಲಿ ಉಳಿಯುವುದು ಧನ ಆವೇಶ, ರೀಫಿಲ್‌ನದರ ವಿರುದ್ಧ. ಪರೀಕ್ಷೆಯಲ್ಲಿ ಒಂದೇ ಜಾತಿಯದು ಎಂದು ಬರೆದು ಅಂಕ ಕಳೆದುಕೊಳ್ಳುವುದು ಇಲ್ಲೇ.

ಅನುಮಾನವಿದ್ದರೆ ಅದೇ ರೀಫಿಲ್ಲನ್ನು ಮತ್ತೆ ಮೆಲ್ಲಗೆ ಹತ್ತಿರ ತನ್ನಿ, ಪಟ್ಟಿ ಕುಗ್ಗುತ್ತದೆ. ರೇಷ್ಮೆಯಿಂದ ಉಜ್ಜಿದ, ಬೆಚ್ಚಗಿರುವ ಗಾಜಿನ ಲೋಟ ತಂದರೆ ಇನ್ನಷ್ಟು ಅಗಲುತ್ತದೆ. ನಂಬಬೇಕಾದದ್ದು ಅಗಲುವುದನ್ನು. ಏನೂ ಆವೇಶವಿಲ್ಲದ ನಿಮ್ಮ ಕೈ ಹತ್ತಿರ ತಂದರೂ ಪಟ್ಟಿ ಸ್ವಲ್ಪ ಕುಗ್ಗುತ್ತದೆ. ಕಾಗದದ ಚೂರೂ ಹಾಗೆಯೇ, ತನ್ನಲ್ಲಿ ಆವೇಶ ಇಲ್ಲದಿದ್ದರೂ ರೀಫಿಲ್ಲಿಗೆ ಹಾರಿ ಅಂಟುತ್ತದೆ. ಕೆಲವು ಚೂರು ಅಂಟಿದ ಗಳಿಗೆಯಲ್ಲೇ ಚಿಮ್ಮಿ ಬೀಳುವುದನ್ನು ಗಮನಿಸಿ, ರೀಫಿಲ್‌ನ ಆವೇಶ ಅವಕ್ಕೂ ಹತ್ತಿ ವಿಕರ್ಷಣೆ ಆಯಿತು.

ಮಾತಿಗೆ ಹೇಳುತ್ತೇನೆ, ಖಾರದಪುಡಿ ಪ್ಲಾಸ್ಟಿಕ್ ಡಬ್ಬಿಯ ಗೋಡೆಗೆಲ್ಲ ಮೆತ್ತಿಕೊಳ್ಳುತ್ತದೆ ಅಂತ ಗೊಣಗುವ ಸೊಸೆಯಂದಿರೇ, ತುಂಬುವ ಮೊದಲು ಒಣಬಟ್ಟೆಯಲ್ಲಿ ಗಸಗಸ ಒರೆಸುವುದು ನೀವೇ ತಾನೇ? ತೊಳೆದು ಗಾಳಿಗೆ ಒಣಗಲು ಬಿಡಿ. ಟಿ.ವಿ. ಪರದೆಯನ್ನೂ ಒಣಬಟ್ಟೆಯಿಂದ ತಿಕ್ಕಿದಷ್ಟೂ ಧೂಳು ಮರಳಿ ಬರುತ್ತದೆ.

ಟೆರಿಲಿನ್ ಅಂಗಿ, ನೈಲಾನ್ ಸೀರೆ ಹೊಸದಾಗಿ ಬಂದ ಕಾಲದಲ್ಲಿ ಮಾಗಿಯ ಚಳಿಯಲ್ಲಿ ಕತ್ತಲೆಯಲ್ಲಿ ಬಿಚ್ಚಿದರೆ ಚಟಪಟ ಕಿಡಿ ಹಾರುತ್ತಿತ್ತು, ಕೆಲವರು ದೆವ್ವ ಅಂತ ಬೆಚ್ಚುತ್ತಿದ್ದರು. ಒಣಗಾಳಿಯಲ್ಲಿ ಒಂದು ಸೆಂಟಿಮೀಟರ್ ಕಿಡಿ ಹಾರಲು ಸುಮಾರು 30,000 ವೋಲ್ಟ್ ಬೇಕು, ಅಂಗಿಯ ಪುಟ್ಟ ಕಿಡಿಗೂ ಸಾವಿರಗಟ್ಟಲೆ. ಆದರೂ ಚುರುಕ್ ಅಂದು ಮುಗಿಯುತ್ತದೆ, ಆವೇಶವೇ ಅತ್ಯಲ್ಪ. ಗೋಡೆಯ ಸಾಕೆಟ್ಟಿನಲ್ಲಿರುವುದು 230 ವೋಲ್ಟ್ ಅಷ್ಟೇ, ಆದರೆ ಅಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ, ಪ್ರಾಣ ತೆಗೆಯುತ್ತದೆ. ಈ ತಂತಿ, ಫಾಯಿಲ್ ಹಿಡಿದು ಅದರ ಬಳಿ ಹೋಗಬೇಡಿ. ಪೆಟ್ರೋಲ್, ಗ್ಯಾಸ್ ಇರುವಲ್ಲಂತೂ ಸಣ್ಣ ಕಿಡಿಯೂ ಬೇಡ.

ಜನವರಿಯಲ್ಲಿ ವಿಜಯಪುರದ ಒಣಹವೆಯಲ್ಲಿ ಪಟ್ಟಿಗಳು ಎಷ್ಟೋ ಹೊತ್ತು ತೆರೆದೇ ನಿಲ್ಲುತ್ತವೆ. ಜೂನ್‌ನಲ್ಲಿ ಮಂಗಳೂರಿನಲ್ಲಿ ನೋಡುತ್ತಿದ್ದಂತೆಯೇ ಮುಚ್ಚಿಕೊಳ್ಳುತ್ತವೆ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ರೀಫಿಲ್, ಕಂಬಳಿ, ಬಾಟಲಿ ಮೂರನ್ನೂ ಹೇರ್ ಡ್ರೈಯರಿನ ಬಿಸಿಗಾಳಿಗೆ ಹಿಡಿದು, ಕೈ ಒರೆಸಿಕೊಂಡು, ಆರುವ ಮೊದಲೇ ಉಜ್ಜಿ. ಮೇಣದ ಮೇಲೆ ಮಾತ್ರ ಬಿಸಿ ಬಿಡಬೇಡಿ, ಕರಗಿ ತಂತಿ ವಾಲುತ್ತದೆ.