ಯಾದಿ ಗಟ್ಟಿ ಇರಲಿ, ಷರತ್ತು ಕಡಿಮೆ ಇರಲಿ

ಬೆಳಗಾವಿ ಕಡೆ ಮದುವೆ ಮಾತುಕತೆಯಲ್ಲಿ ಯಾದಿ ಬರೆಯುವುದು ಹೊಸದೇನಲ್ಲ. ಜವಳಿ ಯಾರ ಕಡೆ, ಊಟ ಯಾರ ಕಡೆ, ಮಂಗಲ ಕಾರ್ಯಾಲಯದ ಬಾಡಿಗೆ ಯಾರ ತಲೆಗೆ ಎಂದು ಹಿರಿಯರು ಕೂತು ಬರೆಯುತ್ತಾರೆ. ಅದೇ ಯಾದಿಯಲ್ಲಿ ಹುಡುಗನ ಕಾರಿನ ಸಾಲ, ಹುಡುಗಿಯ ಎಫ್‌ಡಿ ಸೇರಿಸೋಣ ಅಂದರೆ ಮಾತ್ರ ಎಲ್ಲರ ಹುಬ್ಬು ಮೇಲೇರುತ್ತದೆ. ‘ಈಗಲೇ ಡೈವೋರ್ಸ್ ಲೆಕ್ಕ ಹಾಕ್ತೀರೇನು?’ ಎಂದು ಕೇಳುತ್ತಾರೆ.

ಪ್ರಿನಪ್, ಅಂದರೆ ಆಸ್ತಿ-ಸಾಲದ ಬಗ್ಗೆ ಮದುವೆಗೆ ಮುಂಚೆಯೇ ಬರೆದುಕೊಳ್ಳುವ ಕರಾರು, ಬೇಕು ಅನ್ನುವವರಿಗೆ ಅವರದೇ ಕಾರಣ ಇರುತ್ತದೆ. ಒಬ್ಬರಿಗೆ ಇದು ಎರಡನೇ ಮದುವೆ, ಮೊದಲ ಮದುವೆಯ ಮಗು ಇದೆ. ಇನ್ನೊಬ್ಬರದು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಅಣ್ಣನ ಜೊತೆ ಪಾಲಿನ ಫೌಂಡ್ರಿ, ಸಂಸಾರದ ಜಗಳ ಅಲ್ಲಿಗೆ ಬರಬಾರದು. ಮತ್ತೊಬ್ಬಳು ಪುಣೆಯಲ್ಲಿ ದುಡಿದು ಸ್ವಂತ ಫ್ಲ್ಯಾಟ್ ಮಾಡಿಕೊಂಡಿದ್ದಾಳೆ. ಇವರ್ಯಾರೂ ಬೇರೆಯಾಗಲೆಂದು ಮದುವೆಯಾಗುತ್ತಿಲ್ಲ. ಆದರೆ ಇಂಥವರು ಬರೆಸಿಕೊಂಡು ಬರುವ ಕಾಗದ ನೋಡಿದರೆ ತಲೆ ಚಚ್ಚಿಕೊಳ್ಳುವ ಹಾಗಿರುತ್ತದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಹಂತ 1: ಕಾಗದದ ತಾಕತ್ತು ತಿಳಿದುಕೊಳ್ಳಿ

1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಪ್ರಿನಪ್ ಎಂಬ ಮಾತೇ ಇಲ್ಲ. 1872ರ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು ನಡೆಯುವುದಿಲ್ಲ. ಬೇರೆಯಾದರೆ ಹೀಗೆ ಹಂಚಿಕೊಳ್ಳಬೇಕು ಎಂದು ನೀವು ಬರೆದ ಷರತ್ತನ್ನು ಕೋರ್ಟು ಈ ಕಲಂ ಹಿಡಿದು ಪಕ್ಕಕ್ಕೆ ಸರಿಸಬಹುದು. ಹಾಗಾದರೆ ಸುಮ್ನೆ ಯಾಕೆ ಬರೆಯಬೇಕು? ಮದುವೆಗೆ ಮುಂಚೆ ಯಾರ ಹತ್ತಿರ ಏನಿತ್ತು ಎಂದು ಇಬ್ಬರೂ ಸಹಿ ಮಾಡಿ ಒಪ್ಪಿಕೊಂಡ ಯಾದಿ ಮುಂದೆ ಸಾಕ್ಷಿಯಾಗಿ ಕೆಲಸಕ್ಕೆ ಬರುತ್ತದೆ. ನಿಮ್ಮ ಶ್ರಮವೆಲ್ಲ ಅಲ್ಲಿ ಹೋಗಲಿ.

ಮುಸ್ಲಿಮರಲ್ಲಿ ನಿಕಾಹ್ ಅಂದರೇನೇ ಕರಾರು. ಮೆಹರ್ (ವರ ವಧುವಿಗೆ ಕೊಡಬೇಕಾದ ಹಣ ಅಥವಾ ವಸ್ತು) ಮತ್ತು ಷರತ್ತುಗಳನ್ನು ನಿಕಾಹ್‌ನಾಮೆಯಲ್ಲೇ ಬರೆಸಿ.

ಚೋರ್ಲಾ ಘಾಟ್ ಇಳಿದರೆ ಲೆಕ್ಕವೇ ಬೇರೆ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಇನ್ನೂ ಜಾರಿಯಲ್ಲಿದೆ. ಅಲ್ಲಿ ಬೇರೇನೂ ಬರೆಯದಿದ್ದರೆ ಗಂಡ-ಹೆಂಡತಿಯ ಆಸ್ತಿ ಇಬ್ಬರಿಗೂ ಸೇರಿದ್ದು ಎಂದೇ ಲೆಕ್ಕ. ಬೇರೆ ಬೇರೆ ಇರಲಿ ಅಂದರೆ ಮದುವೆಗೆ ಮುಂಚೆಯೇ ಅಧಿಕೃತ ಪತ್ರ ಮಾಡಿಸಬೇಕು, ಆಮೇಲೆ ಬದಲಾಯಿಸಲು ಬರುವುದಿಲ್ಲ. ಬೆಳಗಾವಿಯ ಹುಡುಗಿ ಗೋವಾದ ಮನೆಗೆ ಹೋಗುತ್ತಿದ್ದರೆ ಗೋವಾದ ವಕೀಲರನ್ನೇ ಕೇಳಿ. ಇಲ್ಲಿನವರ ಸಲಹೆ ಅಲ್ಲಿ ಸಾಲದು.

ಹಂತ 2: ಸಾಲ

ಬ್ಯಾಂಕು, ಸೊಸೈಟಿ, ಕೈಗಡ ಎಲ್ಲ ಬರೆಯಿರಿ. ಸ್ನೇಹಿತನ ಸಾಲಕ್ಕೆ ಹಾಕಿದ ಜಾಮೀನು ಸಹಿಯನ್ನೂ ಬರೆಯಿರಿ, ಮುಚ್ಚಿಡುವುದು ಇದನ್ನೇ ಜಾಸ್ತಿ.

ಹಂತ 3: ಹೊಲ-ಮನೆ

ವಿಜಯಪುರ ಕಡೆ ದ್ರಾಕ್ಷಿ ತೋಟ, ಬಾಗಲಕೋಟೆ ಕಡೆ ಕಬ್ಬಿನ ಹೊಲ ಇರುವ ಹುಡುಗರು ‘ನನ್ನ ಆರು ಎಕರೆ’ ಎಂದು ಧಾರಾಳವಾಗಿ ಬರೆದುಬಿಡುತ್ತಾರೆ. ಪಹಣಿ ತೆಗೆಸಿದರೆ ಅಪ್ಪನ ಹೆಸರು. ಪಿತ್ರಾರ್ಜಿತ ಹೊಲವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಅಕ್ಕ-ತಂಗಿಯರಿಗೂ ಅದರಲ್ಲಿ ಸಮಪಾಲು ಇದೆ. ವಾಟ್ನಿ (ಆಸ್ತಿ ಪಾಲು) ಆಗದಿದ್ದರೆ ‘ವಾಟ್ನಿ ಆಗಿಲ್ಲ, ನನ್ನ ಪಾಲು ಇನ್ನೂ ಗೊತ್ತಾಗಿಲ್ಲ’ ಎಂದೇ ಬರೆಯಿರಿ.

ಇಬ್ಬರೂ ಸೇರಿ ಇಎಂಐ ಕಟ್ಟುವ ಮನೆಯಾದರೆ ಖರೀದಿ ಪತ್ರದಲ್ಲೇ ಎರಡೂ ಹೆಸರು ಹಾಕಿಸಿ. ಒಬ್ಬರ ಹೆಸರಿನಲ್ಲಿ ಮನೆ, ಇನ್ನೊಬ್ಬರ ಸಂಬಳದಲ್ಲಿ ಕಂತು, ಮಧ್ಯೆ ಒಂದು ಪ್ರಿನಪ್ ಅನ್ನುವ ವ್ಯವಹಾರ ನನಗೆ ಒಂಚೂರೂ ಹಿಡಿಸುವುದಿಲ್ಲ.

ಹಂತ 4: ಬಂಗಾರ

ಎಲ್ಲರೂ ಎಡವುವುದು ಇಲ್ಲೇ. ‘ಬಂಗಾರ 15 ತೊಲಿ’ ಎಂದು ಒಂದೇ ಸಾಲು ಗೀಚಿ ಮುಗಿಸುತ್ತಾರೆ. ಯಾವ ತೊಲಿ? ಇವತ್ತು ಸರಾಫರ ಅಂಗಡಿಯಲ್ಲಿ ತೊಲಿ ಅಂದರೆ 10 ಗ್ರಾಂ. ಅಜ್ಜಿಯ ಕಾಲದ ತೊಲಿ 11.66 ಗ್ರಾಂ. 15 ತೊಲಿಗೆ ಸುಮಾರು 25 ಗ್ರಾಂ ಫರಕು ಬೀಳುತ್ತದೆ. ಅದಕ್ಕೇ ಗ್ರಾಂನಲ್ಲೇ ಬರೆಯಿರಿ.

ಒಂದೊಂದು ಒಡವೆಗೂ ಬೇರೆ ಸಾಲು ಬೇಕು. ಪಾಟ್ಲಿ ಎರಡು, ಬಿಲ್ವಾರ ನಾಲ್ಕು, ಝುಮಕಿ ಒಂದು ಜೊತೆ, ಹೀಗೆ. ಪಾಟ್ಲಿ ಗಟ್ಟಿ ಬಂಗಾರವಾದರೆ ತೂಕ ಸುಲಭ. ಗುಂಡು ಪೋಣಿಸಿದ ಸರ ಬೋರಮಾಳದ ಕಥೆ ಬೇರೆ. ಅದರ ಗುಂಡಿನೊಳಗೆ ಅರಗು ತುಂಬಿರುತ್ತದೆ, ಮೇಲೆ ತೆಳ್ಳನೆಯ ಬಂಗಾರದ ಹೊದಿಕೆ. ಸುಮ್ನೆ ತಕ್ಕಡಿಗೆ ಹಾಕಿದರೆ ಅರಗು, ದಾರ ಎಲ್ಲ ಬಂಗಾರದ ಲೆಕ್ಕಕ್ಕೆ ಸೇರುತ್ತವೆ. ಒಟ್ಟು ತೂಕ ಒಂದು ಕಡೆ, ನಿವ್ವಳ ಬಂಗಾರ ಇನ್ನೊಂದು ಕಡೆ, ಎರಡನ್ನೂ ಸರಾಫರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ಹರಳಿನ ಒಡವೆಗೂ ಇದೇ ನಿಯಮ.

ಹೊಸ ಒಡವೆಯಾದರೆ ಎಚ್‌ಯುಐಡಿ ನೋಡಿ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಯನ್ನು ಈ ಆರು ಅಕ್ಷರ-ಅಂಕಿಗಳ ಗುರುತಿಲ್ಲದೆ ಅಂಗಡಿಯವರು ಮಾರುವಂತಿಲ್ಲ. ಅಕ್ಷರ ತೀರಾ ಸಣ್ಣದು, ಭೂತಗನ್ನಡಿ ಕೇಳಿ ಪಡೆಯಿರಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಒಡವೆ, ಎಷ್ಟು ಕ್ಯಾರೆಟ್ ಎಂದು ತೋರಿಸುತ್ತದೆ. ಆ ಗುರುತನ್ನು ಯಾದಿಯಲ್ಲಿ ಬರೆದರೆ ನಾಳೆ ‘ಅದು ಈ ಬಳೆ ಅಲ್ಲ’ ಎನ್ನುವ ಜಗಳ ಹುಟ್ಟುವುದಿಲ್ಲ. ಅಜ್ಜಿಯ ಒಡವೆಗೆ ಗುರುತು ಇರುವುದಿಲ್ಲ, ಅದಕ್ಕೆ ಸ್ಕೇಲ್ ಪಕ್ಕದಲ್ಲಿಟ್ಟು ಹಿಂದೆ-ಮುಂದೆ ಫೋಟೊ ತೆಗೆಯಿರಿ.

ಇನ್ನೊಂದು ಮಾತು. ಮದುವೆಗೆಂದು ಕೇಳಿ ಪಡೆಯುವ ಬಂಗಾರ, ಹಣ, ಗಾಡಿ ಈ ಕಾಗದದಲ್ಲಿ ಬಂದರೆ ನೀವು ವರದಕ್ಷಿಣೆಗೆ ನೀವೇ ಸಾಕ್ಷಿ ಬರೆದುಕೊಟ್ಟಂತೆ. ‘ವರೋಪಚಾರ’ ಎಂದು ಹೆಸರು ಬದಲಿಸಿದರೂ ಅಷ್ಟೇ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಅಂಥ ಕರಾರು ಅಸಿಂಧು, ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ.

ಹಂತ 5: ಬಿಡಬೇಕಾದ ಷರತ್ತು

‘ಮುಂದೆ ಜೀವನಾಂಶ ಕೇಳುವುದಿಲ್ಲ’ ಎಂದು ಹುಡುಗಿಯಿಂದ ಬರೆಸಬೇಡಿ, ಕೋರ್ಟು ಅದಕ್ಕೆ ಬೆಲೆ ಕೊಡುವುದಿಲ್ಲ. ಮಕ್ಕಳು ಯಾರ ಹತ್ತಿರ ಇರಬೇಕು ಎನ್ನುವುದನ್ನೂ ಬಿಡಿ, ಮಗುವಿನ ಹಿತ ನೋಡಿ ಅದನ್ನು ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಅತ್ತೆ-ಮಾವನ ಜೊತೆಗೇ ಇರಬೇಕು, ತಪ್ಪಿದರೆ ಇಷ್ಟು ಲಕ್ಷ ದಂಡ, ಇವೆಲ್ಲ ಕಾಗದದ ಮರ್ಯಾದೆ ಕಳೆಯುತ್ತವೆ. ಇಂಟರ್‌ನೆಟ್‌ನಲ್ಲಿ ಸಿಗುವ ಮಾದರಿಗಳಂತೂ ಕಸ. ಹೆಸರು ಬದಲಾಯಿಸಿರುತ್ತಾರೆ, ಒಳಗೆ ‘ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ’ ಎಂಬ ಸಾಲು ಹಾಗೇ ಕೂತಿರುತ್ತದೆ.

ಹಂತ 6: ಸಹಿ

ಇಬ್ಬರಿಗೂ ಬೇರೆ ಬೇರೆ ವಕೀಲರು ಇರಲಿ. ಖರ್ಚು ಉಳಿಸಲು ಹುಡುಗನ ಸೋದರಮಾವನೇ ವಕೀಲ ಎಂದು ಅವರಿಂದ ಮಾಡಿಸಿದರೆ ಒತ್ತಡದಿಂದ ಸಹಿ ಹಾಕಿಸಿದರು ಎನ್ನಲು ದಾರಿ ಮಾಡಿಕೊಟ್ಟಂತೆ. ಅರಿಷಿಣ ಹಚ್ಚುವ ದಿನ ಸಹಿಗೆ ಕೂಡಿಸುವುದೂ ಅದೇ ತಪ್ಪು. ತಿಂಗಳುಗಳ ಮುಂಚೆ ಮುಗಿಸಿ. ಬಾಂಡ್ ಪೇಪರ್, ಇಬ್ಬರು ಸಾಕ್ಷಿ, ನೋಟರಿ ಇವೆಲ್ಲ ಅರ್ಧ ದಿನದ ಕೆಲಸ.

ಹಂತ 7: ಮದುವೆ ಮುಗಿದ ಮೇಲೆ

ಇನ್ನೊಂದು ಯಾದಿ ಬಾಕಿ ಇದೆ. ಇದನ್ನು ಸರ್ಕಾರವೇ ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಮಾಡಿದ ನಿಯಮದಲ್ಲಿ ಹೇಳಿದೆ. ವಧುವಿಗೆ ಬಂದ ಉಡುಗೊರೆಯ ಪಟ್ಟಿ ವಧು ಇಟ್ಟುಕೊಳ್ಳಬೇಕು, ವರನದು ವರ. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ, ಇಬ್ಬರ ಸಹಿ ಇರಬೇಕು. ಉಡುಗೊರೆ ಬರೆದಿಡುವ ಆಹೇರಿ ಪುಸ್ತಕ ಹೇಗೂ ಬರೆದಿರುತ್ತೀರಲ್ವಾ, ಅದನ್ನೇ ನೋಡಿ ವಾರದೊಳಗೆ ಮಾಡಿ.

ಸ್ತ್ರೀಧನ, ಅಂದರೆ ಮದುವೆಯಲ್ಲಿ ಹೆಣ್ಣಿಗೆ ಬಂದ ಒಡವೆ-ಉಡುಗೊರೆ, ಹೆಂಡತಿಯದೇ, ಗಂಡನ ಮನೆಯಲ್ಲಿ ಇಟ್ಟ ಮಾತ್ರಕ್ಕೆ ಅವರದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಆದರೆ ಲಾಕರ್‌ನೊಳಗೆ ಏನಿದೆ ಎಂದು ಬ್ಯಾಂಕು ಬರೆದಿಡುವುದಿಲ್ಲ. ಒಡವೆ ಅತ್ತೆಯ ಲಾಕರ್‌ಗೆ ಹೋಗುವುದಾದರೆ ಯಾದಿಯ ಕೆಳಗೆ ‘ಜೋಪಾನಕ್ಕೆ ಕೊಟ್ಟದ್ದು’ ಎಂದು ತಾರೀಖು ಹಾಕಿ ಅತ್ತೆಯ ಸಹಿ ಪಡೆಯಿರಿ. ಕೇಳಲು ಮುಜುಗರವಾದರೆ ಸೊಸೆಯ ಹೆಸರಿನಲ್ಲೇ ಒಂದು ಸಣ್ಣ ಲಾಕರ್ ತೆಗೆದುಬಿಡಿ.